ಮನೆಯ ಬೆಳ್ಳಿ ನಾಣ್ಯಕ್ಕೆ ಮೊದಲು ನೀವೇ ಬೆಲೆ ಕಟ್ಟಿ, ಆಮೇಲೆ ಸರಾಫರ ಅಂಗಡಿಗೆ ಹೋಗಿ

‘ಅಜ್ಜಿಯ ಪೆಟ್ಟಿಗೆಯಲ್ಲಿ ಜಾರ್ಜ್ ರೂಪಾಯಿ ಸಿಕ್ಕಿವೆ, ಎಷ್ಟು ಬರಬಹುದು?’ ಬಳ್ಳಾರಿ, ಸಿಂಧನೂರು, ಗಂಗಾವತಿ, ಕುಷ್ಟಗಿ ಕಡೆಯ ಓದುಗರು ಕೇಳುತ್ತಲೇ ಇರುವ ಪ್ರಶ್ನೆ ಇದು. ಬೆಳ್ಳಿ ದರ ಏರಿದ ವಾರವಂತೂ ಜಾಸ್ತಿ. ಜೊತೆಗೆ ಇನ್ನೊಂದಿಷ್ಟು ಜನ ಮಗ ಅಮೆರಿಕದಿಂದ ತಂದ ನಾಣ್ಯ, ಧನತ್ರಯೋದಶಿಗೆ ಕೊಂಡ ಲಕ್ಷ್ಮಿ ನಾಣ್ಯ, ಸರ್ಕಾರದ ನೂರು ರೂಪಾಯಿ ಸ್ಮಾರಕ ನಾಣ್ಯ ಇವುಗಳ ಬೆಲೆ ಕೇಳುತ್ತಾರೆ. ಎಲ್ಲಕ್ಕೂ ದಾರಿ ಒಂದೇ. ಅದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಬೆಳ್ಳಿ ನಾಣ್ಯಕ್ಕೆ ಎರಡು ಬೆಲೆ ಇರುತ್ತದೆ. ಒಂದು ಲೋಹದ ಬೆಲೆ, ಅಂದರೆ ಅದರಲ್ಲಿರುವ ಬೆಳ್ಳಿಗೆ ಇವತ್ತಿನ ದರದಲ್ಲಿ ಬರುವ ದುಡ್ಡು. ಇನ್ನೊಂದು ಸಂಗ್ರಹದ ಬೆಲೆ, ಅಂದರೆ ನಾಣ್ಯ ಕೂಡಿಡುವ ಹವ್ಯಾಸದವರು ಅದರ ಮೇಲೆ ಜಾಸ್ತಿ ಕೊಡುವ ದುಡ್ಡು. ಮೊದಲನೆಯದನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು, ಅದರಲ್ಲಿ ಯಾರೂ ನಿಮಗೆ ಮೋಸ ಮಾಡಲು ಆಗುವುದಿಲ್ಲ. ಎರಡನೆಯದು ಕೊಳ್ಳುವವರ ಆಸೆಗೆ ಬಿಟ್ಟದ್ದು. ನಮ್ಮ ಕಡೆ ಮನೆಗಳಲ್ಲಿ ಸಿಗುವ ಹೆಚ್ಚಿನ ನಾಣ್ಯಗಳಿಗೆ ಮೊದಲನೆಯದೇ ಮುಖ್ಯ. ಆದ್ದರಿಂದ ಅದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ (ಅಡುಗೆಮನೆ ತಕ್ಕಡಿ ಸಾಲದು), ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ, ವರ್ನಿಯರ್ ಕ್ಯಾಲಿಪರ್, ಗಟ್ಟಿ ಅಯಸ್ಕಾಂತ, ಒಂದು ಲೋಟ ನೀರು, ಸಣ್ಣ ದಾರ, ಬರೆದುಕೊಳ್ಳಲು ನೋಟ್‌ಬುಕ್. ಕ್ಯಾಲಿಪರ್ ಇಲ್ಲದಿದ್ದರೆ ಸ್ಕೇಲ್‌ನಲ್ಲೇ ಸುಧಾರಿಸಬಹುದು. ತಕ್ಕಡಿ ಮಾತ್ರ ಬೇಕೇ ಬೇಕು.

1. ತೊಳೆಯಬೇಡಿ

ಇದನ್ನು ಮೊದಲ ಹಂತ ಮಾಡಿರುವುದಕ್ಕೆ ಕಾರಣವಿದೆ. ದೀಪಾವಳಿ, ವರಮಹಾಲಕ್ಷ್ಮಿ ಪೂಜೆಗೆ ಇಟ್ಟ ನಾಣ್ಯಗಳ ಮೇಲೆ ಅರಿಶಿನ, ಕುಂಕುಮ ಕೂತಿರುತ್ತದೆ, ಬೆಳ್ಳಿ ಕಪ್ಪಾಗಿರುತ್ತದೆ. ಮಾರುವ ಮುಂಚೆ ಫಳಫಳ ಹೊಳೆಯಲಿ ಅಂತ ಹುಣಸೆಹಣ್ಣು, ವಿಭೂತಿ, ಹಲ್ಲುಜ್ಜುವ ಪೇಸ್ಟ್, ಪಾತ್ರೆ ತೊಳೆಯುವ ಪುಡಿ ಎಲ್ಲ ಹಾಕಿ ತಿಕ್ಕುತ್ತಾರೆ. ಪೂಜೆಯ ಬಟ್ಟಲಿಗೆ ಅದು ಸರಿ. ನಾಣ್ಯಕ್ಕೆ ಅಲ್ಲ. ತಿಕ್ಕಿದ ಮೈಮೇಲೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ, ಭೂತಗನ್ನಡಿ ಹಿಡಿದರೆ ಎಲ್ಲವೂ ಕಾಣುತ್ತವೆ. ಅಪರೂಪದ ನಾಣ್ಯವಾಗಿದ್ದರೆ ಅದರ ಸಂಗ್ರಹದ ಬೆಲೆಯ ದೊಡ್ಡ ಪಾಲು ಅಲ್ಲಿಗೆ ಹೋಯಿತು, ತಿರುಗಿ ಬರುವುದಿಲ್ಲ.

ಆ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕ ಬೆಳ್ಳಿಗೆ ತಗುಲಿ ಆಗುವ ತೆಳು ಪದರ ಅದು. ಸಂಗ್ರಹಕಾರರು ಇದನ್ನು ಟೋನಿಂಗ್ ಅನ್ನುತ್ತಾರೆ, ಚೆನ್ನಾಗಿ ಹರಡಿದ ಟೋನಿಂಗ್‌ಗೆ ಕೆಲವರು ಜಾಸ್ತಿ ದುಡ್ಡೂ ಕೊಡುತ್ತಾರೆ. ಕುಂಕುಮ, ಎಣ್ಣೆ ಜಿಡ್ಡು ತೀರಾ ಇದ್ದರೆ ಶುದ್ಧ ನೀರಿನಲ್ಲಿ ಅದ್ದಿ, ತಿಕ್ಕದೆ, ಮೆತ್ತನೆ ಹತ್ತಿ ಬಟ್ಟೆಯ ಮೇಲೆ ಒಣಗಲು ಬಿಡಿ. ಅಷ್ಟೇ. ಹಿಡಿಯುವಾಗ ಅಂಚನ್ನು ಹಿಡಿಯಿರಿ, ಮುಖದ ಮೇಲೆ ಬೆರಳು ಇಡಬೇಡಿ. ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿಡುವ ಅಭ್ಯಾಸವಿದ್ದರೆ ಬಿಡಿ, ರಬ್ಬರಿನಲ್ಲೂ ಗಂಧಕವಿದೆ.

2. ಕೈಯಲ್ಲಿರುವುದು ಯಾವ ನಾಣ್ಯ ಅಂತ ಗುರುತಿಸಿ

ಇದು ಅರ್ಧ ಕೆಲಸ. ಯಾವ ನಾಣ್ಯ ಅಂತ ಗೊತ್ತಾದರೆ ಎಷ್ಟು ಬೆಳ್ಳಿ ಅಂತ ಗೊತ್ತಾಗುತ್ತದೆ.

ನಮ್ಮ ಸೀಮೆಗೆ ಒಂದು ವಿಶೇಷವಿದೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ರಾಯಚೂರು, ಅದರೊಳಗೇ ಇದ್ದ ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು, 1956ರಲ್ಲಿ ಬಂದವು. ಹೀಗಾಗಿ ತುಂಗಭದ್ರೆಯ ಬಳ್ಳಾರಿ ದಡದ ಮನೆಗಳಲ್ಲಿ ಬ್ರಿಟಿಷ್ ರೂಪಾಯಿಯೇ ಹೆಚ್ಚು. ಆಚೆ ದಡದ ಪೆಟ್ಟಿಗೆಗಳಲ್ಲಿ ನಿಜಾಮಿ ರೂಪಾಯಿಯೂ ಬ್ರಿಟಿಷ್ ರೂಪಾಯಿಯೂ ಬೆರೆತಿರುತ್ತವೆ. ಹಿರಿಯರು ನಿಜಾಮಿಯನ್ನು ಹಾಲಿ ಸಿಕ್ಕಾ, ಬ್ರಿಟಿಷ್ ರೂಪಾಯಿಯನ್ನು ಕಲ್ದಾರ್ ಅನ್ನುತ್ತಿದ್ದರು. ಆ ಕಾಲದಲ್ಲೇ ಇವೆರಡೂ ಸಮ ಇರಲಿಲ್ಲ. ಸುಮಾರು ಏಳು ಹಾಲಿಗೆ ಆರು ಕಲ್ದಾರ್ ಲೆಕ್ಕ. ಇವತ್ತಿಗೂ ಸಮ ಅಲ್ಲ, ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ತೂಗಿಸಬೇಡಿ.

ಬ್ರಿಟಿಷ್ ರೂಪಾಯಿ: ಒಂದು ಕಡೆ ರಾಜ ಅಥವಾ ರಾಣಿಯ ತಲೆ, ಇನ್ನೊಂದು ಕಡೆ ಇಸವಿ. 1835ರಲ್ಲಿ ನಾಲ್ಕನೇ ವಿಲಿಯಂ, 1840ರಿಂದ ವಿಕ್ಟೋರಿಯಾ, 1903ರಿಂದ 1910ರವರೆಗೆ ಏಳನೇ ಎಡ್ವರ್ಡ್ (ಬೋಳುತಲೆ, ಗಡ್ಡ), 1911ರಿಂದ ಐದನೇ ಜಾರ್ಜ್ (ಕಿರೀಟ, ಗಡ್ಡ), 1938ರಿಂದ 1945ರವರೆಗೆ ಆರನೇ ಜಾರ್ಜ್ (ಗಡ್ಡವಿಲ್ಲ). 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ನೂರಕ್ಕೆ 91.7. ಎಂಟಾಣೆ, ನಾಲ್ಕಾಣೆ ಇದರ ಅರ್ಧ, ಕಾಲು.

ಇಲ್ಲಿ ಬಹಳ ಜನ ಎಡವುತ್ತಾರೆ. 1940ರಿಂದ 1945ರವರೆಗಿನ ರೂಪಾಯಿ ನೋಡಲು ಹಾಗೇ ಇದೆ, ತೂಕವೂ ಅಷ್ಟೇ. ಆದರೆ ಯುದ್ಧದ ಕಾಲಕ್ಕೆ ಬೆಳ್ಳಿಯನ್ನು ನೂರಕ್ಕೆ 50ಕ್ಕೆ ಇಳಿಸಿದ್ದರು. ಉಳಿದದ್ದು ತಾಮ್ರ, ನಿಕ್ಕಲ್, ಸತು. ಇವುಗಳ ಅಂಚಿನ ನಡುವೆ ಒಂದು ತೋಡು ಇರುತ್ತದೆ, ನಕಲು ತಡೆಯಲು ಹಾಕಿದ್ದು. ಇನ್ನು ಹಿಂದೆ ಹುಲಿ ಇರುವ 1947ರ ರೂಪಾಯಿ? ಅದರಲ್ಲಿ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಅಯಸ್ಕಾಂತ ಹಿಡಿದರೆ ಟಪ್ ಅಂತ ಅಂಟುತ್ತದೆ. 1964ರ ನೆಹರೂ ರೂಪಾಯಿಯೂ ನಿಕ್ಕಲ್ಲೇ. ‘ನೆಹರೂ ಬೆಳ್ಳಿ ರೂಪಾಯಿ’ ಅಂತ ಯಾರಾದರೂ ಮಾರಲು ಬಂದರೆ ಅಯಸ್ಕಾಂತ ತನ್ನಿ.

ನಿಜಾಮಿ ರೂಪಾಯಿ: 20ನೇ ಶತಮಾನದ ಆರಂಭದಿಂದ ಇದರ ಮೇಲೆ ಚಾರ್ಮಿನಾರ್ ಇದೆ. ತೂಕ ಸುಮಾರು 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಇಲ್ಲೂ ಬೆಳ್ಳಿ ಅರ್ಧಕ್ಕೆ ಇಳಿಯಿತು. ಚಾರ್ಮಿನಾರ್‌ನ ಬಾಗಿಲಿನೊಳಗೆ ಭೂತಗನ್ನಡಿ ಹಿಡಿದು ನೋಡಿ, ಒಂದೇ ಒಂದು ಉರ್ದು ಅಕ್ಷರ ಇರುತ್ತದೆ. ಮೀಮ್ ಇದ್ದರೆ 1911ರವರೆಗೆ ಆಳಿದ ಮಹಬೂಬ್ ಅಲಿ ಖಾನ್, ಐನ್ ಇದ್ದರೆ ಅವರ ಮಗ ಉಸ್ಮಾನ್ ಅಲಿ ಖಾನ್. ಇಸವಿ ಹಿಜರಿಯಲ್ಲಿ, ಉರ್ದು ಅಂಕಿಯಲ್ಲಿ ಇರುತ್ತದೆ. ಅಂಕಿ ಓದುವಾಗ ಚುಕ್ಕಿ ಅಂದರೆ ಸೊನ್ನೆ, ಪುಟ್ಟ ಸೊನ್ನೆಯ ಹಾಗೆ ಕಂಡದ್ದು ಐದು. ಇದು ಗೊತ್ತಿಲ್ಲದೆ ವರ್ಷ ತಪ್ಪು ಓದುವವರು ತುಂಬಾ ಜನ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ನಮ್ಮ ಇಸವಿ ಹತ್ತಿರ ಹತ್ತಿರ ಸಿಗುತ್ತದೆ. 1337 ಅಂದರೆ 1918-19. ಉರ್ದು ಓದುವವರು ನಿಮ್ಮ ಓಣಿಯಲ್ಲೇ ಇರುತ್ತಾರೆ, ಒಂದು ಸಲ ತೋರಿಸಿ ಬರೆದುಕೊಳ್ಳಿ.

ಸ್ವತಂತ್ರ ಭಾರತದ ಸ್ಮಾರಕ ನಾಣ್ಯ: 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ 15 ಗ್ರಾಂ, ಬೆಳ್ಳಿ ನೂರಕ್ಕೆ 80. ಆಮೇಲೆ ಬಂದ ನೂರು ರೂಪಾಯಿಯ ಸ್ಮಾರಕಗಳಲ್ಲಿ ಹೆಚ್ಚಿನವು 35 ಗ್ರಾಂ, ಅರ್ಧ ಬೆಳ್ಳಿ. ಹೊಸ ಸಂಸತ್ ಭವನಕ್ಕಾಗಿ 2023ರಲ್ಲಿ ತಂದ 75 ರೂಪಾಯಿಯೂ ಹಾಗೇ. ಬೃಹದೀಶ್ವರ ದೇವಾಲಯದ ಸಾವಿರ ರೂಪಾಯಿ ನಾಣ್ಯದಲ್ಲಿ ನೂರಕ್ಕೆ 80. ಈಚೆಗೆ 40 ಗ್ರಾಂ ಶುದ್ಧ ಬೆಳ್ಳಿಯಲ್ಲೂ ಬರುತ್ತಿವೆ, ರಿಸರ್ವ್ ಬ್ಯಾಂಕಿನ 90 ವರ್ಷದ ನಾಣ್ಯ ಆ ಪೈಕಿ. ಇವುಗಳ ಮುಖಬೆಲೆ, ಅಂದರೆ ಮೇಲೆ ಅಚ್ಚಾದ ಅಂಕಿ, ಬೆಲೆ ಕಟ್ಟಲು ಯಾವ ಪ್ರಯೋಜನಕ್ಕೂ ಬರುವುದಿಲ್ಲ.

ವಿದೇಶಿ ಬುಲಿಯನ್: ಬುಲಿಯನ್ ನಾಣ್ಯ ಅಂದರೆ ಚಲಾವಣೆಗಲ್ಲ, ಲೋಹಕ್ಕಾಗಿಯೇ ಜನ ಕೊಂಡಿಡಲಿ ಅಂತ ಸರ್ಕಾರಿ ಟಂಕಸಾಲೆ ಅಚ್ಚು ಹಾಕಿದ್ದು. ಅಮೆರಿಕದ ಸಿಲ್ವರ್ ಈಗಲ್ 1986ರಿಂದ, ಕೆನಡಾದ ಮೇಪಲ್ ಲೀಫ್ 1988ರಿಂದ ಬರುತ್ತಿವೆ. ಎರಡರಲ್ಲೂ ಒಂದು ಟ್ರಾಯ್ ಔನ್ಸ್ ಬೆಳ್ಳಿ, ಅಂದರೆ 31.1 ಗ್ರಾಂ. ದಿನಸಿ ತೂಗುವ ಔನ್ಸ್ 28.35 ಗ್ರಾಂ, ಇದು ಬೇರೆ. ಬ್ರಿಟನ್ನಿನ ಬ್ರಿಟಾನಿಯಾ 2012ರವರೆಗೆ ನೂರಕ್ಕೆ 95.8, 2013ರಿಂದ 99.9. ಚೀನಾದ ಪಾಂಡಾ 2016ರಿಂದ ಸರಿಯಾಗಿ 30 ಗ್ರಾಂ.

ಲಕ್ಷ್ಮಿ, ಗಣೇಶ ನಾಣ್ಯ: ಇವು ಕಾನೂನಿನ ಪ್ರಕಾರ ನಾಣ್ಯಗಳೇ ಅಲ್ಲ, ದುಂಡಗಿನ ಬೆಳ್ಳಿ ತುಂಡು. ಸಂಗ್ರಹದ ಬೆಲೆ ಇಲ್ಲ. ಮೇಲೆ 999 (ಸಾವಿರ ಪಾಲಿನಲ್ಲಿ 999 ಬೆಳ್ಳಿ) ಅಂತ ಇದ್ದರೆ ಶುದ್ಧ, ಏನೂ ಇಲ್ಲದಿದ್ದರೆ ಪರೀಕ್ಷೆ ಆಗದೆ ನಂಬಬೇಡಿ. ಅಂಗಡಿಗಳಲ್ಲಿ ಹಬ್ಬಕ್ಕೆ ಮಾರುವ ಹೊಸ ವಿಕ್ಟೋರಿಯಾ, ಜಾರ್ಜ್ ಅಚ್ಚಿನ ತುಂಡುಗಳೂ ಇದೇ ಗುಂಪಿಗೆ ಸೇರಬೇಕು. ಮೂವತ್ತು ವರ್ಷ ದೇವರ ಮುಂದೆ ಇದ್ದು ಕಪ್ಪಾದರೆ ಹಳೆಯ ನಾಣ್ಯದ ಹಾಗೇ ಕಾಣುತ್ತವೆ.

ಈ ಯಾವ ಗುಂಪಿಗೂ ಸೇರದ ಒಂದು ವಸ್ತು ಹಳ್ಳಿ ಹಳ್ಳಿಯಲ್ಲೂ ಸಿಗುತ್ತದೆ. ಒಂದು ಕಡೆ ಶ್ರೀರಾಮ ಪಟ್ಟಾಭಿಷೇಕ ಅಥವಾ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818, ಒಂದಾಣೆ ಅಂತ ಇಂಗ್ಲಿಷಿನಲ್ಲಿ. ‘ಕೋಟಿ ಬೆಲೆ’ ಅಂತ ಸುದ್ದಿಯೂ ಜೊತೆಗೇ ಬರುತ್ತದೆ. ಕಂಪನಿ ಇಂಥ ನಾಣ್ಯವನ್ನು ಅಚ್ಚು ಹಾಕಿಯೇ ಇಲ್ಲ. ಅದು ಆಮೇಲೆ ಯಾರೋ ಮಾಡಿದ ಕಾಲ್ಪನಿಕ ಬಿಲ್ಲೆ. ಪೂಜೆಗೆ ಇಟ್ಟುಕೊಳ್ಳಿ, ದುಡ್ಡು ಕೊಟ್ಟು ಕೊಳ್ಳಬೇಡಿ.

3. ತೂಗಿ, ಅಳೆಯಿರಿ, ನೀರಿನಲ್ಲಿ ಪರೀಕ್ಷಿಸಿ

ಒಂದೊಂದನ್ನೇ ತೂಗಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಚಲಾವಣೆಯಲ್ಲಿ ಸವೆದ ರೂಪಾಯಿ 11.66ರ ಬದಲು 11.4, 11.5 ತೋರಿಸಿದರೆ ಗಾಬರಿ ಬೇಡ. ಆದರೆ ಚಿತ್ರ ಹೊಸದರ ಹಾಗೆ ಚೂಪಾಗಿದ್ದು ತೂಕ ಮಾತ್ರ 10.8 ಬಂದರೆ ಅನುಮಾನ ಪಡಿ. ಸವೆಯದೆ ತೂಕ ಇಳಿಯುವುದು ಹೇಗೆ? ಸಿಲ್ವರ್ ಈಗಲ್ ಆದರೆ ಅಗಲವನ್ನೂ ಅಳೆಯಿರಿ, 40.6 ಮಿಲಿಮೀಟರ್ ಇರಬೇಕು. ತೂಕ ಸರಿ ಬರಲಿ ಅಂತ ನಕಲಿಗಳನ್ನು ಅಗಲ ಅಥವಾ ದಪ್ಪ ಮಾಡಿರುತ್ತಾರೆ.

ಅಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿಯಲ್ಲ. ಅಂಟದಿದ್ದರೆ ಬೆಳ್ಳಿ ಅಂತ ಹೇಳಲು ಬರುವುದಿಲ್ಲ, ಹಿತ್ತಾಳೆ, ತಾಮ್ರ, ಸೀಸ ಯಾವುದೂ ಅಂಟುವುದಿಲ್ಲ. ಮಂಜುಗಡ್ಡೆ ಇಟ್ಟು ಬೇಗ ಕರಗುತ್ತಾ ನೋಡುವ ವಿಡಿಯೊಗಳನ್ನೂ ನೋಡಿರುತ್ತೀರಿ. ಬೆಳ್ಳಿ ಮುಲಾಮು ಹಾಕಿದ ತಾಮ್ರದ ಮೇಲೂ ಮಂಜುಗಡ್ಡೆ ಅಷ್ಟೇ ಬೇಗ ಕರಗುತ್ತದೆ, ಸುಮ್ನೆ ಸಮಯ ದಂಡ.

ನನ್ನ ಭರವಸೆ ನೀರಿನ ಪರೀಕ್ಷೆಯ ಮೇಲೆ. ಚಿಕ್ಕ ಪ್ಲಾಸ್ಟಿಕ್ ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಡಿ. ತಕ್ಕಡಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ಸಣ್ಣ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು, ಕೈ ಅಲುಗಬಾರದು. ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆಗಳನ್ನು ಒಂದೆರಡು ಸಲ ಮೆಲ್ಲಗೆ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿ ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

ಐದನೇ ಜಾರ್ಜ್‌ನ ಒಂದು ರೂಪಾಯಿ ಇಳಿಬಿಟ್ಟಿರಿ ಅಂದುಕೊಳ್ಳಿ. ಒಣ ತೂಕ 11.66, ನೀರಿನಲ್ಲಿ ತಕ್ಕಡಿ 1.13 ತೋರಿಸಿತು. ಭಾಗಿಸಿದರೆ 10.3. ಸರಿಯಾಗಿದೆ. ಅದೇ ತೂಕದ ಜರ್ಮನ್ ಸಿಲ್ವರ್ ಬಿಲ್ಲೆ ಇದ್ದರೆ ತಕ್ಕಡಿ 1.34ರ ಹತ್ತಿರ ತೋರಿಸುತ್ತದೆ, ಸಾಂದ್ರತೆ 8.7ಕ್ಕೆ ಬೀಳುತ್ತದೆ. ಜರ್ಮನ್ ಸಿಲ್ವರ್‌ನಲ್ಲಿ ಸಿಲ್ವರ್ ಒಂದು ಚೂರೂ ಇಲ್ಲ, ಅದು ತಾಮ್ರ, ನಿಕ್ಕಲ್, ಸತುವಿನ ಬೆರಕೆ. ನೆನಪಿಡಬೇಕಾದ ಅಂಕಿಗಳು: ಶುದ್ಧ ಬೆಳ್ಳಿ 10.49, ಹಳೆಯ ಬ್ರಿಟಿಷ್ ರೂಪಾಯಿ 10.3, ಹಳೆಯ ನಿಜಾಮಿ 10.2ರ ಆಸುಪಾಸು, ಅರ್ಧ ಬೆಳ್ಳಿಯವು 9.5ರ ಆಸುಪಾಸು. ನೂರನೇ ಭಾಗದ ತಕ್ಕಡಿ ಬೇಕು ಅಂದದ್ದು ಇದಕ್ಕೇ. 10.3, 10.2 ಇವೆರಡರ ನಡುವೆ ಮನೆಯ ತಕ್ಕಡಿ ತೀರ್ಪು ಕೊಡಲಾರದು. ಆದರೆ ಬೆಳ್ಳಿಯೋ ಅಲ್ಲವೋ, ಮುಕ್ಕಾಲಿಗೂ ಮೇಲೋ ಅರ್ಧವೋ ಅನ್ನುವುದನ್ನು ಖಂಡಿತ ಹೇಳುತ್ತದೆ.

ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಹೊಳೆಯುವ ಸ್ಮಾರಕ ನಾಣ್ಯವನ್ನು ಮಾತ್ರ ನೀರಿಗೆ ಇಳಿಸಬೇಡಿ. ಪೆಟ್ಟಿಗೆ ತೆರೆಯುವುದೇ ಬೇಡ. ದೊಡ್ಡ ಒಡವೆ ಅಂಗಡಿಗಳಲ್ಲಿ ಎಕ್ಸ್‌ರೇ ಬಿಟ್ಟು ಲೋಹ ಹೇಳುವ ಯಂತ್ರ ಇರುತ್ತದೆ, ಜನ ಕ್ಯಾರೆಟ್ ಮೀಟರ್ ಅನ್ನುತ್ತಾರೆ. ಅದು ಮೇಲ್ಮೈಯನ್ನು ಮಾತ್ರ ನೋಡುತ್ತದೆ. ದಪ್ಪ ಮುಲಾಮಿನ ನಾಣ್ಯ ಅದನ್ನು ಮೋಸ ಮಾಡಬಹುದು, ನೀರನ್ನು ಮಾಡಲಾರದು.

4. ಲೋಹದ ಬೆಲೆ ಹಾಕಿ

ಸೂತ್ರ ಇಷ್ಟೇ: ತೂಕ × ಶುದ್ಧತೆ × ಒಂದು ಗ್ರಾಂ ಶುದ್ಧ ಬೆಳ್ಳಿಯ ದರ.

ಪತ್ರಿಕೆಯಲ್ಲಿ ಬೆಳ್ಳಿ ದರ ಕಿಲೋಗೆ ಇರುತ್ತದೆ, 1,000ದಿಂದ ಭಾಗಿಸಿ. ಅದು 999 ಶುದ್ಧತೆಯ ದರವೇ, ಜಿಎಸ್‌ಟಿ ಸೇರಿದೆಯೇ ನೋಡಿಕೊಳ್ಳಿ. ಕೊಳ್ಳುವಾಗ ಕೊಡುವ ನೂರಕ್ಕೆ 3ರ ಜಿಎಸ್‌ಟಿ ಮಾರುವಾಗ ನಿಮಗೆ ಬರುವುದಿಲ್ಲ. ಇಂಡಿಯಾ ಬುಲಿಯನ್ ಅಂಡ್ ಜುವೆಲರ್ಸ್ ಅಸೋಸಿಯೇಷನ್ ದಿನಕ್ಕೆ ಎರಡು ಸಲ ಹೇಳುವ ದರ ಜಿಎಸ್‌ಟಿ ಇಲ್ಲದ್ದು, ಮಾರುವವರಿಗೆ ಅದೇ ಒಳ್ಳೆಯ ಅಳತೆ.

ಲೆಕ್ಕ ಸುಲಭವಾಗಲಿ ಅಂತ ಗ್ರಾಮಿಗೆ 100 ರೂಪಾಯಿ ಅಂದುಕೊಳ್ಳೋಣ, ನೀವು ಇವತ್ತಿನ ದರ ಹಾಕಿಕೊಳ್ಳಿ. 1918ರ ಜಾರ್ಜ್ ರೂಪಾಯಿಯಲ್ಲಿ 10.69 ಗ್ರಾಂ ಬೆಳ್ಳಿ, 1,069 ರೂಪಾಯಿ. 1944ರದ್ದರಲ್ಲಿ 5.83 ಗ್ರಾಂ, ಬರೀ 583. ಹಳೆಯ ನಿಜಾಮಿ 9.14 ಗ್ರಾಂ, 914. ಗಾಂಧಿ ಹತ್ತು ರೂಪಾಯಿ 12 ಗ್ರಾಂ, 1,200. ನೂರು ರೂಪಾಯಿ ಸ್ಮಾರಕ 17.5 ಗ್ರಾಂ, 1,750. ಸಿಲ್ವರ್ ಈಗಲ್ 3,110. ಸವೆದಿದ್ದರೆ ನಿಮ್ಮ ತಕ್ಕಡಿಯ ತೂಕವನ್ನೇ ಹಾಕಿ, ಪುಸ್ತಕದ ತೂಕವನ್ನಲ್ಲ.

ತೊಲದ ವಿಷಯದಲ್ಲಿ ಹುಷಾರು. ‘ಒಂದು ರೂಪಾಯಿ ಅಂದರೆ ಒಂದು ತೊಲ’ ಅಂತ ಹಿರಿಯರು ಹೇಳುವುದು ನಿಜ. ಆ ತೊಲ 11.66 ಗ್ರಾಂ. ಈಗ ಅಂಗಡಿಗಳಲ್ಲಿ ತೊಲ ಅಂದರೆ 10 ಗ್ರಾಂ. ನೀವು ‘ಇಪ್ಪತ್ತು ತೊಲ ಇದೆ’ ಅಂತ ಇಪ್ಪತ್ತು ರೂಪಾಯಿ ಕೊಟ್ಟು, ಅವರು ಇನ್ನೂರು ಗ್ರಾಂ ಅಂತ ಬರೆದುಕೊಂಡರೆ 33 ಗ್ರಾಂ ಅಲ್ಲೇ ಮಾಯ. ಯಾವಾಗಲೂ ಗ್ರಾಂನಲ್ಲೇ ಮಾತಾಡಿ.

5. ಎಷ್ಟು ಸವೆದಿದೆ ನೋಡಿ

ಇಲ್ಲಿಂದ ಸಂಗ್ರಹದ ಬೆಲೆ ಶುರು. ನಾಣ್ಯದ ಸ್ಥಿತಿಗೆ ಗ್ರೇಡ್ ಅನ್ನುತ್ತಾರೆ. ಫೈನ್ ಅಂದರೆ ಚೆನ್ನಾಗಿ ಸವೆದದ್ದು, ವೆರಿ ಫೈನ್ ಅಂದರೆ ಮಧ್ಯಮ, ಎಕ್ಸ್‌ಟ್ರೀಮ್ಲಿ ಫೈನ್ ಅಂದರೆ ತುದಿಗಳಲ್ಲಿ ಮಾತ್ರ ಸವಕಳಿ, ಯುಎನ್‌ಸಿ ಅಂದರೆ ಚಲಾವಣೆಗೇ ಹೋಗದ ಹೊಸದು. ಹೆಸರು ಕೇಳಿ ‘ಫೈನ್’ ಅಂದರೆ ಉತ್ತಮ ಅಂದುಕೊಳ್ಳಬೇಡಿ, ಅದು ಕೆಳಗಿನ ಮೆಟ್ಟಿಲು. ಪ್ರೂಫ್ ಅಂದರೆ ಗ್ರೇಡ್ ಅಲ್ಲ, ಸಂಗ್ರಹಕಾರರಿಗಾಗಿ ಕನ್ನಡಿಯ ಹಾಗೆ ಹೊಳೆಯುವಂತೆ ವಿಶೇಷವಾಗಿ ಅಚ್ಚು ಹಾಕಿದ ನಾಣ್ಯ.

ಕಿಟಕಿಯ ಪಕ್ಕ ಕೂತು ಐದನೇ ಜಾರ್ಜ್ ರೂಪಾಯಿಯನ್ನು ಓರೆಯಾಗಿ ಹಿಡಿಯಿರಿ. ಮೊದಲು ಕಿವಿ ಮತ್ತು ಹುಬ್ಬು ನೋಡಿ. ಆಮೇಲೆ ಕಿರೀಟದ ಮೇಲಿನ ಹರಳುಗಳು. ಕೊನೆಗೆ ಎದೆಯ ಮೇಲಿನ ನಿಲುವಂಗಿಯಲ್ಲಿರುವ ಪುಟ್ಟ ಆನೆ. ಆನೆಯ ಕಾಲು, ಸೊಂಡಿಲು ಬೇರೆ ಬೇರೆಯಾಗಿ ಎಣಿಸುವಂತಿದ್ದರೆ ಒಳ್ಳೆಯ ನಾಣ್ಯ. ಆನೆ ಇದ್ದ ಜಾಗದಲ್ಲಿ ಬರೀ ನುಣುಪು ಉಬ್ಬು ಇದ್ದರೆ, ಎಷ್ಟೇ ಹೊಳೆಯಲಿ, ಲೋಹದ ಬೆಲೆಗೆ ಇಟ್ಟುಕೊಳ್ಳಿ. ವಿಕ್ಟೋರಿಯಾ ಆದರೆ ಕೆನ್ನೆ, ಕಿವಿಯ ಮೇಲಿನ ಕೂದಲು ಮತ್ತು ಉಡುಪಿನ ಕಸೂತಿ. ನಿಜಾಮಿ ಆದರೆ ಮಿನಾರುಗಳ ಗೆರೆ.

ಲಂಬಾಣಿ ಸರದಿಂದ ಬಿಚ್ಚಿದ ನಾಣ್ಯಗಳು ಸಂಡೂರು, ಕೊಪ್ಪಳ ಕಡೆ ತುಂಬಾ ಸಿಗುತ್ತವೆ. ಕೊಂಡಿ ಬೆಸೆದ ಗುರುತು, ತೂತು ಇದ್ದರೆ ಸಂಗ್ರಹದ ಬೆಲೆ ಹೋದಂತೆಯೇ. ಬೆಸುಗೆಯ ಲೋಹ ಸೇರಿ ತೂಕವೂ ತಪ್ಪು ತೋರಿಸುತ್ತದೆ. ಆದರೆ ಸರ ಇನ್ನೂ ಇಡಿಯಾಗಿದ್ದರೆ ಬಿಚ್ಚಿಸಬೇಡಿ. ಹಳೆಯ ಲಂಬಾಣಿ ಒಡವೆ ಅಂತ ಕೊಳ್ಳುವವರು ಬೇರೆಯೇ ಇದ್ದಾರೆ, ಬಿಡಿ ನಾಣ್ಯಕ್ಕಿಂತ ಇಡೀ ಸರಕ್ಕೆ ಅವರು ಜಾಸ್ತಿ ಕೊಡಬಹುದು.

ವಿದೇಶಿ ಬುಲಿಯನ್‌ನಲ್ಲಿ ಸವಕಳಿ ಇರುವುದಿಲ್ಲ, ಬೇರೆ ತೊಂದರೆ ಇದೆ. ಮೇಪಲ್ ಲೀಫ್ ಮೇಲೆ ಹಾಲು ಚೆಲ್ಲಿದಂಥ ಬಿಳಿ ಕಲೆ ಬರುತ್ತದೆ. ಲೋಹದ ಬೆಲೆಗೆ ಅಡ್ಡಿಯಿಲ್ಲ, ಸಂಗ್ರಹದ ಬೆಲೆಗೆ ಪೆಟ್ಟು.

6. ವರ್ಷ ಮತ್ತು ಟಂಕಸಾಲೆ ಗುರುತು

ಹಳೆಯದಾದಷ್ಟೂ ಬೆಲೆ ಜಾಸ್ತಿ ಅನ್ನುವುದು ತಪ್ಪು. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು ಅನ್ನುವುದೇ ಲೆಕ್ಕ. 1862ರ ವಿಕ್ಟೋರಿಯಾ ರೂಪಾಯಿ ಒಂದೂವರೆ ಶತಮಾನ ದಾಟಿದೆ. ಆದರೂ ಹೇರಳವಾಗಿ ಸಿಗುತ್ತದೆ, ಏಕೆಂದರೆ 1874ರವರೆಗೂ ಅದೇ ಇಸವಿ ಹಾಕಿ ಅಚ್ಚು ಹಾಕುತ್ತಿದ್ದರು.

1918ರ ಜಾರ್ಜ್ ರೂಪಾಯಿ ನಮ್ಮ ಕಡೆ ಅಷ್ಟೊಂದು ಯಾಕೆ ಸಿಗುತ್ತದೆ ಗೊತ್ತಾ? ಮೊದಲ ಮಹಾಯುದ್ಧದ ಕೊನೆಗೆ ಜನ ನೋಟು ಬಿಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದರು. ಸರ್ಕಾರದ ಹತ್ತಿರ ಬೆಳ್ಳಿ ಖಾಲಿಯಾಗುತ್ತಾ ಬಂತು. ಅಮೆರಿಕ 1918ರಲ್ಲಿ ಪಿಟ್‌ಮನ್ ಕಾಯ್ದೆ ಮಾಡಿ ತನ್ನ ಬೆಳ್ಳಿ ಡಾಲರ್‌ಗಳನ್ನೇ ಕರಗಿಸಿ ಬ್ರಿಟನ್ನಿಗೆ ಮಾರಿತು. ಸುಮಾರು 20 ಕೋಟಿ ಔನ್ಸ್ ಬೆಳ್ಳಿ ಹಾಗೆ ಭಾರತಕ್ಕಾಗಿ ಹೊರಟಿತು. ಅದೆಲ್ಲ ರೂಪಾಯಿಯಾಗಿ ನಮ್ಮ ಹಗೇವು, ಪೆಟ್ಟಿಗೆ ಸೇರಿತು. ಹೀಗಾಗಿ 1918, 1919, 1920ರ ರೂಪಾಯಿ ತೀರಾ ಹೊಸದರ ಹಾಗೆ ಇಲ್ಲದಿದ್ದರೆ ಬೆಳ್ಳಿಯ ಬೆಲೆಯೇ ಅದರ ಬೆಲೆ.

1911ರದ್ದು ಬೇರೆ. ಆ ವರ್ಷದ ನಾಣ್ಯದಲ್ಲಿ ನಿಲುವಂಗಿಯ ಆನೆಯ ಸೊಂಡಿಲು ಗಿಡ್ಡ, ನೋಡಿದವರಿಗೆ ಹಂದಿಯ ಹಾಗೆ ಕಂಡಿತು, ಗಲಾಟೆಯಾಯಿತು. ಅಚ್ಚಾಗಿದ್ದ 94 ಲಕ್ಷದಲ್ಲಿ ಸುಮಾರು 7 ಲಕ್ಷ ಮಾತ್ರ ಹೊರಬಿದ್ದಿದ್ದವು, ಉಳಿದವನ್ನು ಕರಗಿಸಿದರು. 1912ರಿಂದ ಸೊಂಡಿಲು ಉದ್ದವಾಯಿತು. 1911ರದ್ದು ಸಿಕ್ಕರೆ ಪಕ್ಕಕ್ಕೆ ಎತ್ತಿಡಿ, ತೂಕದಲ್ಲಿ ಮಾರಬೇಡಿ.

1939ರ ರೂಪಾಯಿ ನಿಜಕ್ಕೂ ಅಪರೂಪ. ಆದ್ದರಿಂದಲೇ ನಕಲಿ ಹೆಚ್ಚು. ಬೇರೆ ವರ್ಷದ ಅಂಕಿ ಕೆರೆದು 1939 ಮಾಡಿರುತ್ತಾರೆ. ಕೊನೆಯ ಎರಡು ಅಂಕಿಗಳ ಸುತ್ತ ಭೂತಗನ್ನಡಿ ಹಿಡಿಯಿರಿ, ಅಲ್ಲಿನ ನೆಲ ಉಳಿದ ಕಡೆಯ ಹಾಗೆ ಇದೆಯೇ ನೋಡಿ. ನೀರಿನ ಪರೀಕ್ಷೆಯಲ್ಲಿ 9.5 ಬಂದರೆ ಅದು 1940 ಅಥವಾ ಅದರ ನಂತರದ ಅರ್ಧ ಬೆಳ್ಳಿ ನಾಣ್ಯವನ್ನು ತಿದ್ದಿದ್ದು, ಬೇರೆ ಸಾಕ್ಷಿ ಬೇಡ.

ಟಂಕಸಾಲೆ ಗುರುತು ಅಂದರೆ ಯಾವ ಊರಲ್ಲಿ ಅಚ್ಚಾಯಿತು ಅನ್ನುವ ಸಣ್ಣ ಚಿಹ್ನೆ. ಐದನೇ ಜಾರ್ಜ್ ರೂಪಾಯಿಯಲ್ಲಿ ಇಸವಿಯ ಕಡೆ ಕೆಳಗಿನ ಹೂವಿನಡಿ ಚುಕ್ಕಿ ಇದ್ದರೆ ಮುಂಬೈ, ಇಲ್ಲದಿದ್ದರೆ ಕಲ್ಕತ್ತಾ. ಸ್ವತಂತ್ರ ಭಾರತದ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರದಾಕಾರ ಮುಂಬೈ, ನಕ್ಷತ್ರ ಹೈದರಾಬಾದ್, ದುಂಡು ಚುಕ್ಕಿ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ.

ಸಿಲ್ವರ್ ಈಗಲ್‌ಗಳಲ್ಲಿ 1996ರದ್ದು ಸುಮಾರು 36 ಲಕ್ಷ ಮಾತ್ರ ಅಚ್ಚಾಗಿರುವುದರಿಂದ ಜಾಸ್ತಿ ಬೆಲೆ. 1995ರ ವೆಸ್ಟ್ ಪಾಯಿಂಟ್ ಟಂಕಸಾಲೆಯ ಪ್ರೂಫ್ 30,125 ಮಾತ್ರ. ಉಳಿದ ವರ್ಷಗಳ ಸಾಧಾರಣ ಈಗಲ್‌ಗೆ ಅಮೆರಿಕದಲ್ಲಿ ಸಿಗುವ ಪ್ರೀಮಿಯಂ, ಅಂದರೆ ಬೆಳ್ಳಿ ಬೆಲೆಯ ಮೇಲಿನ ಹೆಚ್ಚುವರಿ, ರಾಯಚೂರಿನ ಅಂಗಡಿಯಲ್ಲಿ ಸಿಗಲಿ ಅಂತ ಬಯಸುವುದು ತಪ್ಪು. ಅಲ್ಲಿ ಅದು 31 ಗ್ರಾಂ ಬೆಳ್ಳಿ, ಅಷ್ಟೇ.

7. ಕೇಳಿದ ಬೆಲೆ ಬಿಡಿ, ಮಾರಾಟವಾದ ಬೆಲೆ ಹುಡುಕಿ

ಆನ್‌ಲೈನ್‌ನಲ್ಲಿ ಯಾರೋ ನಿಮ್ಮದೇ ನಾಣ್ಯಕ್ಕೆ ಎರಡು ಲಕ್ಷ ಅಂತ ಹಾಕಿರುತ್ತಾರೆ. ಹಾಕಲು ಯಾರ ಅಪ್ಪಣೆಯೂ ಬೇಡ. ಅದು ಮಾರಾಟವಾಯಿತೇ? ಅದು ಮುಖ್ಯ. ನಾಣ್ಯ ಹರಾಜು ನಡೆಸುವ ಸಂಸ್ಥೆಗಳು, ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ತೋಡಿವಾಲಾ ಇಂಥವು, ಹರಾಜು ಮುಗಿದ ಮೇಲೆ ಯಾವುದಕ್ಕೆ ಎಷ್ಟು ಬಂತು ಅಂತ ಹಾಕುತ್ತವೆ. ನಿಮ್ಮ ನಾಣ್ಯದ ರಾಜ, ಇಸವಿ, ಟಂಕಸಾಲೆ, ಗ್ರೇಡ್ ನಾಲ್ಕೂ ಹೊಂದುವ ಮಾರಾಟಗಳನ್ನು ಹುಡುಕಿ, ಒಂದನ್ನಲ್ಲ, ನಾಲ್ಕೈದನ್ನು. ಒಂದು ಹೊಂದದಿದ್ದರೂ ಬೆಲೆ ಹೊಂದುವುದಿಲ್ಲ. ಮಾರುವವರ ಕೈಗೆ ಕಮಿಷನ್ ಕಳೆದು ಬರುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಎನ್‌ಜಿಸಿ, ಪಿಸಿಜಿಎಸ್ ಅನ್ನುವ ಸಂಸ್ಥೆಗಳು ನಾಣ್ಯ ಅಸಲಿಯೇ ನೋಡಿ, 70 ಅಂಕಕ್ಕೆ ಗ್ರೇಡ್ ಕೊಟ್ಟು ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಕೊಡುತ್ತವೆ. 1939ರಂಥದ್ದಕ್ಕೆ ಅದು ಲಾಭ. 1918ರ ಸವೆದ ರೂಪಾಯಿಗೆ ಮಾಡಿಸಿದರೆ ಶುಲ್ಕವೇ ನಾಣ್ಯವನ್ನು ತಿನ್ನುತ್ತದೆ.

8. ಮಾರುವಾಗ

ನೋಟ್‌ಬುಕ್ ನೋಡಿ ಎರಡು ಗುಂಪು ಮಾಡಿ. ಲೋಹದ ಗುಂಪು ಸರಾಫರಿಗೆ, ಸಂಗ್ರಹದ ಗುಂಪು ನಾಣ್ಯದ ವ್ಯಾಪಾರಿಗೆ ಅಥವಾ ಹರಾಜಿಗೆ. ಸರಾಫರನ್ನು ಮೂರು ಪ್ರಶ್ನೆ ಕೇಳಿ: ಇವತ್ತಿನ 999 ದರ ಎಷ್ಟು? ಈ ನಾಣ್ಯಕ್ಕೆ ಎಷ್ಟು ಟಂಚ್ ಹಿಡಿಯುತ್ತೀರಿ? (ಟಂಚ್ ಅಂದರೆ ನೂರಕ್ಕೆ ಎಷ್ಟು ಶುದ್ಧ ಬೆಳ್ಳಿ.) ಕರಗುವಾಗಿನ ನಷ್ಟ ಅಂತ ಎಷ್ಟು ಮುರಿಯುತ್ತೀರಿ? 1939ರವರೆಗಿನ ಜಾರ್ಜ್ ರೂಪಾಯಿಗೆ ‘80 ಟಂಚ್’ ಅಂದರೆ ಸುಮ್ಮನೆ ನಾಣ್ಯ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋಗಿ. ಸ್ವಲ್ಪ ಮುರಿಯುವುದು ವ್ಯಾಪಾರ, ಹತ್ತು ಟಂಚ್ ಇಳಿಸುವುದು ವ್ಯಾಪಾರವಲ್ಲ. ಎರಡು ಮೂರು ಕಡೆ ಕೇಳಲು ನಾಚಿಕೆ ಬೇಡ. ಬ್ಯಾಂಕಿನಲ್ಲಿ ಕೊಂಡ ನಾಣ್ಯವನ್ನು ಬ್ಯಾಂಕ್ ವಾಪಸ್ ತೆಗೆದುಕೊಳ್ಳುವುದಿಲ್ಲ, ಅದಕ್ಕೂ ಸರಾಫರೇ ಗತಿ.

ಫೋನಿನಲ್ಲಿ ಬರುವ ಕೊಳ್ಳುವವರನ್ನು ನಂಬಬೇಡಿ. ‘ನಿಮ್ಮ ನಾಣ್ಯಕ್ಕೆ ಹತ್ತು ಲಕ್ಷ, ಮೊದಲು ರಿಜಿಸ್ಟ್ರೇಷನ್ ಶುಲ್ಕ, ರಿಸರ್ವ್ ಬ್ಯಾಂಕಿನ ತೆರಿಗೆ ಕಟ್ಟಿ’ ಅನ್ನುತ್ತಾರೆ. ಇಂಥ ವ್ಯವಹಾರದಲ್ಲಿ ತಾನು ಇಲ್ಲ, ಯಾರಿಂದಲೂ ಶುಲ್ಕ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ. ಕೊಳ್ಳುವವರು ನಿಮಗೆ ದುಡ್ಡು ಕೊಡಬೇಕು, ನೀವು ಅವರಿಗಲ್ಲ.

ಕಾನೂನಿನ ಮಾತು ಚುಟುಕಾಗಿ. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ನಾಣ್ಯ ನಿಮ್ಮದಲ್ಲ. ಆನೆಗುಂದಿ, ಮಸ್ಕಿಯಂಥ ಹಳೆಯ ಊರುಗಳ ಸುತ್ತ ಇದು ಆಗುತ್ತಲೇ ಇರುತ್ತದೆ. ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾತನ ವಸ್ತು, ಅದನ್ನು ದುಬೈನ ಗೆಳೆಯನಿಗೆ ಕೊರಿಯರ್ ಮಾಡುವಂತಿಲ್ಲ. ಸರ್ಕಾರದ ಸ್ಮಾರಕ ನಾಣ್ಯವನ್ನು ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ, ಅದನ್ನು ನಾಣ್ಯವಾಗಿಯೇ ಮಾರಿ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಮೇಲೆ ನಗದಾಗಿ ತೆಗೆದುಕೊಳ್ಳಬೇಡಿ. ಎಷ್ಟೇ ಚಿಕ್ಕ ಮಾರಾಟವಾದರೂ ತೂಕ, ಟಂಚ್, ದರ ಬರೆದ ಚೀಟಿ ಕೇಳಿ.

9. ಪಾಲು ಮಾಡುವುದಿದ್ದರೆ

ಬಹಳ ಪ್ರಶ್ನೆಗಳು ನಿಜಕ್ಕೂ ಇಲ್ಲಿಂದ ಹುಟ್ಟುತ್ತವೆ. ಅಣ್ಣ ತಮ್ಮ, ಅಕ್ಕ ತಂಗಿ ಕೂತು ‘ನಲವತ್ತು ನಾಣ್ಯ, ನಾಲ್ಕು ಜನ, ತಲಾ ಹತ್ತು’ ಅಂತ ಹಂಚಿಬಿಡುತ್ತಾರೆ. ಒಬ್ಬರಿಗೆ ಹತ್ತು ವಿಕ್ಟೋರಿಯಾ, ಇನ್ನೊಬ್ಬರಿಗೆ 1945ರ ಹತ್ತು ಬಂದರೆ ಪಾಲಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವ್ಯತ್ಯಾಸ. ಎಣಿಕೆ ಬಿಟ್ಟು ಶುದ್ಧ ಬೆಳ್ಳಿಯ ಗ್ರಾಂನಲ್ಲಿ ಹಂಚಿ. 1911, 1939ರಂಥವು ಇದ್ದರೆ ಅವನ್ನು ಪಾಲಿಗೆ ಹಾಕದೆ ಹೊರಗಿಡಿ, ಮಾರಿದ ಮೇಲೆ ಬಂದ ದುಡ್ಡನ್ನು ಹಂಚಿಕೊಳ್ಳಿ. ಹಂಚುವ ಮುಂಚೆ ಎಲ್ಲ ನಾಣ್ಯಗಳ ಎರಡೂ ಬದಿಯ ಫೋಟೊ ತೆಗೆದು, ತೂಕದ ಪಟ್ಟಿಯ ಜೊತೆ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿಬಿಡಿ. ಮರುದಿನ ಯಾರಾದರೂ ‘ಅದರಲ್ಲಿ ಒಂದು ಬೇರೆ ಇತ್ತು’ ಅಂದರೆ ತೋರಿಸಲು ಇರುತ್ತದೆ.